ಸಿಂಗಪುರಕ್ಕೆ ಹೊರಟಿರುವ ತಮ್ಮನಿಗೆ: ಕಾರು ಬೇಡ, ಲೈಸೆನ್ಸ್ ಬೇಕು

ತಮ್ಮ, ಗೋಣಿಕೊಪ್ಪದಿಂದ ನೀನು ಬರೆದು ಕೇಳಿದ್ದು ಮೂರು ವಿಷಯ. ಹೆಂಡತಿ, ಮೂರು ವರ್ಷದ ಮಗಳ ಜೊತೆ ಸಿಂಗಪುರಕ್ಕೆ ಬಂದ ಕೂಡಲೇ ಸೆಕೆಂಡ್ ಹ್ಯಾಂಡ್ ಕಾರು ತಗೋಬಹುದಾ, ನಮ್ಮ ಕೆಎ-12 ಲೈಸೆನ್ಸ್ ಅಲ್ಲಿ ನಡೆಯುತ್ತಾ, ಪಾರ್ಕಿಂಗ್ ಹೇಗೆ ಅಂತ. ಕಾರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ತಗೋಬೇಡ.

ನೀನು ಯಾಕೆ ಕೇಳಿದೆ ಅಂತ ನನಗೆ ಗೊತ್ತು. ನಮ್ಮ ಕಡೆ ಜೀಪಿಲ್ಲದೆ ತೋಟದ ಕೆಲಸ ನಡೆಯುವುದಿಲ್ಲ. ರೈಲಂತೂ ಕೊಡಗಿಗೆ ಬಂದೇ ಇಲ್ಲ. ಕೊನೆಯ ಬಸ್ಸು ತಪ್ಪಿದರೆ ಕತೆ ಮುಗಿಯಿತು, ಅಲ್ವಾ? ಹಾಗಾಗಿ ಸಂಸಾರ ಅಂದರೆ ಗಾಡಿ ಬೇಕೇ ಬೇಕು ಅನ್ನಿಸುತ್ತದೆ. ಸಿಂಗಪುರದ ಲೆಕ್ಕ ಬೇರೆ. ನಮ್ಮ ಜಿಲ್ಲೆ 4,102 ಚದರ ಕಿ.ಮೀ. ಆ ಇಡೀ ದೇಶ ಸುಮಾರು 735. ಅಷ್ಟರಲ್ಲೇ 60 ಲಕ್ಷ ಜನ ಬದುಕಬೇಕು. ಎಲ್ಲರೂ ಕಾರು ಇಳಿಸಿದರೆ ರಸ್ತೆ ಎಲ್ಲಿಂದ ತರುತ್ತಾರೆ?

ಅದಕ್ಕೇ ಅಲ್ಲಿ ಕಾರಿನ ಜೊತೆಗೆ, ಅದನ್ನು ಇಟ್ಟುಕೊಳ್ಳುವ ಹಕ್ಕನ್ನೂ ಹರಾಜಿನಲ್ಲಿ ಕೊಳ್ಳಬೇಕು. ಅದರ ಹೆಸರು ಸಿಒಇ. 1990ರಲ್ಲಿ ಶುರುವಾಯಿತು. ತಿಂಗಳಿಗೆ ಎರಡು ಸಲ ಹರಾಜು, ಅವಧಿ 10 ವರ್ಷ. 2018ರಲ್ಲಿ ಕಾರುಗಳ ಸಂಖ್ಯೆಯ ಬೆಳವಣಿಗೆ ದರವನ್ನು ಸೊನ್ನೆಗೆ ಇಳಿಸಿದರು. 2023ರ ಅಕ್ಟೋಬರ್‌ನಲ್ಲಿ ಸಣ್ಣ ಕಾರಿನ ಸಿಒಇ 1 ಲಕ್ಷ 6 ಸಾವಿರ ಸಿಂಗಪುರ ಡಾಲರ್ ಮುಟ್ಟಿತು. ನಮ್ಮ ದುಡ್ಡಲ್ಲಿ 60 ಲಕ್ಷಕ್ಕೂ ಜಾಸ್ತಿ, ಅದೂ ಕಾರಿನ ಬೆಲೆ ಬಿಟ್ಟು! ಹಳೆ ಕಾರು ಅಗ್ಗಕ್ಕೆ ಸಿಗುತ್ತದೆ ಅಂದುಕೊಳ್ಳಬೇಡ. ಉಳಿದ ವರ್ಷಗಳ ಸಿಒಇ ಬೆಲೆ ಅದರಲ್ಲಿ ಸೇರಿಯೇ ಇರುತ್ತದೆ.

ಕೊಂಡ ಮೇಲೂ ಮುಗಿಯುವುದಿಲ್ಲ. ಊರೊಳಗಿನ ದಟ್ಟಣೆಯ ರಸ್ತೆಗೆ ದುಡ್ಡು ಕೇಳುವ ಪದ್ಧತಿ ಅಲ್ಲಿ 1975ರಿಂದಲೇ ಇದೆ. ಆಗ ಗಾಜಿಗೆ ಚೀಟಿ ಅಂಟಿಸುತ್ತಿದ್ದರು. 1998ರಿಂದ ಇಆರ್‌ಪಿ ಅನ್ನುವ ಎಲೆಕ್ಟ್ರಾನಿಕ್ ವಸೂಲಿ ಬಂತು, ಕಮಾನಿನ ಕೆಳಗೆ ಹೋದರೆ ದುಡ್ಡು ತಾನಾಗಿ ಕಡಿತ. ಹೊತ್ತಿಗೊಂದು ದರ. ಗಾಡಿಗಳು ಎಷ್ಟು ವೇಗದಲ್ಲಿ ಓಡುತ್ತಿವೆ ಅಂತ ಅಳೆದು ದರ ಏರಿಸುತ್ತಾರೆ, ಇಳಿಸುತ್ತಾರೆ. ಪಾರ್ಕಿಂಗೂ ಹಾಗೇ. ಎಚ್‌ಡಿಬಿ ಅಂದರೆ ಅಲ್ಲಿನ ಸರ್ಕಾರಿ ವಸತಿ, ಅಂಥ ಬಿಲ್ಡಿಂಗಿನಲ್ಲಿ ನೀನಿದ್ದರೆ ಅದರ ಕೆಳಗೆ ನಿಲ್ಲಿಸುವುದಕ್ಕೂ ತಿಂಗಳ ಪಾಸು ಬೇಕು.

ಇದು ನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ. ರಸ್ತೆ ಖಾಲಿ ಇದ್ದರೆ ತಾನೇ ಬಸ್ಸು ಹೊತ್ತಿಗೆ ಬರುವುದು? ಈಗ ರಜೆಗೆ ಮಡಿಕೇರಿಗೆ ಬಂದಿದ್ದೇನೆ. ಭಾನುವಾರ ರಾಜಾಸೀಟ್ ಕಡೆ ರಸ್ತೆಯ ಎರಡೂ ಬದಿ ಪ್ರವಾಸಿಗರ ಕಾರು, ನಡುವೆ ಬಸ್ಸು ಸಿಕ್ಕಿಕೊಂಡು ನಿಂತಿತ್ತು. ಒಳಗಿದ್ದವರು ನಮ್ಮ ಊರಿನವರೇ. ಹೊಟ್ಟೆ ಉರಿಯಿತು.

ಲೈಸೆನ್ಸ್ ಮಾತ್ರ ಬಿಡಬೇಡ. ಸಿಂಗಪುರದಲ್ಲೂ ರಸ್ತೆಯ ಎಡಗಡೆಯೇ ಓಡಿಸುವುದು, ಹಾಗಾಗಿ ಕೈ ಬೇಗ ಹೊಂದಿಕೊಳ್ಳುತ್ತದೆ. ಕೆಲಸದ ಪಾಸಿನಲ್ಲಿ ಬಂದವರು ಊರಿನ ಲೈಸೆನ್ಸಿನಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು. ಅಷ್ಟರೊಳಗೆ ಬೇಸಿಕ್ ಥಿಯರಿ ಟೆಸ್ಟ್ ಪಾಸಾಗಿ ಅಲ್ಲಿನ ಲೈಸೆನ್ಸ್ ಮಾಡಿಸಿಕೊಂಡುಬಿಡು. 50 ಪ್ರಶ್ನೆ, 45 ಸರಿಯಾಗಬೇಕು. ಸುಮ್ನೆ ಹೋಗಿ ಕೂತರೆ ಆಗದು, ಪುಸ್ತಕ ಓದಬೇಕು. ಹೊರಡುವ ಮೊದಲೇ ನಿನ್ನ ಲೈಸೆನ್ಸಿನ ಅವಧಿ ನೋಡು, ಮುಗಿಯುವ ಹಾಗಿದ್ದರೆ ಇಲ್ಲೇ ಆರ್‌ಟಿಒದಲ್ಲಿ ನವೀಕರಿಸಿಕೋ. ಅಲ್ಲಿ ಗಂಟೆ ಲೆಕ್ಕದಲ್ಲಿ ಕಾರು ಬಾಡಿಗೆಗೆ ಸಿಗುತ್ತದೆ, ಅಪ್ಪ ಅಮ್ಮ ಬಂದಾಗ ತುಂಬಾ ಅನುಕೂಲ. ಓಡಿಸುವಾಗ ನಿಯಮ ಮುರಿದರೆ ತಪ್ಪಿನ ಅಂಕ ಬೀಳುತ್ತದೆ, 24 ತಿಂಗಳೊಳಗೆ 24 ಆದರೆ ಲೈಸೆನ್ಸ್ ಅಮಾನತು.

ಕಾರಿಗೆ ಅಂತ ಇಟ್ಟ ದುಡ್ಡಿನಲ್ಲಿ ಒಂದು ಪಾಲು ಮನೆ ಬಾಡಿಗೆಗೆ ಹಾಕು. ಎಂಆರ್‌ಟಿ, ಅಂದರೆ ಅಲ್ಲಿನ ಮೆಟ್ರೋ ರೈಲು, ಅದರ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿ. ಮಳೆ ಅಲ್ಲೂ ಜೋರು, ಆದರೆ ಸ್ಟೇಷನ್ ಸುತ್ತ ಸೂರು ಹಾಕಿದ ದಾರಿ ಇರುತ್ತದೆ.

ಮಗಳ ವಿಷಯ ಒಂದಿದೆ. 1.35 ಮೀಟರಿಗಿಂತ ಗಿಡ್ಡ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಟ್ಯಾಕ್ಸಿಗೆ ವಿನಾಯಿತಿ ಇದೆ, ಆ್ಯಪಿನಲ್ಲಿ ಬುಕ್ ಮಾಡಿದರೆ ಬರುವ ಖಾಸಗಿ ಕಾರಿಗೆ ಇಲ್ಲ. ವಿಮಾನ ನಿಲ್ದಾಣದಿಂದ ಮೊದಲ ದಿನ ಟ್ಯಾಕ್ಸಿ ಸಾಲಿನಲ್ಲೇ ನಿಲ್ಲಿ.