ಹಳೆಯ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಬೇಕಾ, ಹಾಗೇ ಬಿಡಬೇಕಾ?

ಕಾರಿಗೆ 12 ವರ್ಷ, ಓಡಿದ್ದು 1,50,000 ಕಿ.ಮೀ., ಗೇರ್‌ಬಾಕ್ಸ್ ಆಯಿಲ್ ಒಮ್ಮೆಯೂ ಬದಲಾಯಿಸಿಲ್ಲ ಅಂದಿದ್ದೀರಿ. ಒಬ್ಬ ಮೆಕ್ಯಾನಿಕ್ ಕೂಡಲೇ ಬದಲಾಯಿಸಿ ಅಂದರಂತೆ, ಇನ್ನೊಬ್ಬರು ಮುಟ್ಟಿದರೆ ಗೇರ್‌ಬಾಕ್ಸೇ ಹೋಗುತ್ತದೆ ಅಂದರಂತೆ. ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ತೆಗೆದುಕೊಂಡಾಗ ನಾನೂ ಇದೇ ಗೊಂದಲದಲ್ಲಿ ಎರಡು ತಿಂಗಳು ಸುಮ್ನೆ ಕಳೆದಿದ್ದೇನೆ.

ಓಡಿದ ಕಿಲೋಮೀಟರ್‌ಗಿಂತ ಮೊದಲು ನೋಡಬೇಕಾದ್ದು, ಗೇರ್ ಈಗ ಹೇಗೆ ಬೀಳುತ್ತಿದೆ ಅನ್ನುವುದು. ಸಲೀಸಾಗಿ ಬೀಳುತ್ತಿದ್ದರೆ ಧೈರ್ಯವಾಗಿ ಬದಲಾಯಿಸಿ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮಾತ್ರ ಜೋರಾಗಿ ಸದ್ದು ಮಾಡಿ ಕಾರು ಮುಂದಕ್ಕೆ ಹೋಗದಿದ್ದರೆ, ಅಥವಾ ಡಿ ಗೆ ಹಾಕಿದ ಮೇಲೆ ಎರಡು ಮೂರು ಸೆಕೆಂಡ್ ಕಾಯಬೇಕಾಗಿದ್ದರೆ, ಅದು ಬೇರೆಯೇ ವಿಷಯ. ಮೊದಲು ಆಯಿಲ್ ಮಟ್ಟ ನೋಡಿಸಿ. ಮಟ್ಟ ಕಡಿಮೆಯಾದರೂ ಹೀಗೇ ಆಗುತ್ತದೆ. ಮಟ್ಟ ಸರಿಯಿದ್ದೂ ಸ್ಲಿಪ್ ಆಗುತ್ತಿದ್ದರೆ ಒಳಗಿನ ಕ್ಲಚ್ ಪ್ಲೇಟ್ ಸವೆದಿರುವ ಸಾಧ್ಯತೆ ಜಾಸ್ತಿ. ಸವೆದ ಪ್ಲೇಟನ್ನು ಹೊಸ ಆಯಿಲ್ ಸರಿ ಮಾಡುವುದಿಲ್ಲ.

‘ಬದಲಾಯಿಸಿದ ಮೇಲೆಯೇ ಕೆಟ್ಟಿತು’ ಅನ್ನುವ ಮಾತು ಹುಟ್ಟುವುದೂ ಇಲ್ಲಿಯೇ ಅಂತ ನನಗನಿಸುತ್ತದೆ. ಜನ ವರ್ಷಗಟ್ಟಲೆ ಬಿಟ್ಟು, ಸ್ಲಿಪ್ ಶುರುವಾದ ಮೇಲೆ ಆಯಿಲ್ ಹಾಕಿಸುತ್ತಾರೆ. ಮುಂದಿನ ತಿಂಗಳು ಗೇರ್‌ಬಾಕ್ಸ್ ನಿಲ್ಲುತ್ತದೆ. ತಪ್ಪೆಲ್ಲ ಹೊಸ ಆಯಿಲ್ ಮೇಲೆ ಬರುತ್ತದೆ. ಹಳೆಯ ಆಯಿಲ್‌ನಲ್ಲಿರುವ ಸವೆತದ ಪುಡಿಯೇ ಪ್ಲೇಟಿಗೆ ಹಿಡಿತ ಕೊಡುತ್ತಿತ್ತು ಅನ್ನುವವರೂ ಇದ್ದಾರೆ. ಅದು ನಿಜವೇ ಆಗಿದ್ದರೂ ಆ ಪ್ಲೇಟಿನ ಆಯಸ್ಸು ಮೊದಲೇ ಮುಗಿದಿತ್ತು, ಅಲ್ವಾ?

ಈ ಆಯಿಲ್ ಬರೀ ಜಾರಿಕೆಗೆ ಇರುವುದಲ್ಲ. ಇದರ ಒತ್ತಡದಿಂದಲೇ ಗೇರ್ ಬೀಳುತ್ತದೆ, ಒಳಗಿನ ಬಿಸಿಯನ್ನು ಹೊರಗೆ ಸಾಗಿಸುವುದೂ ಇದೇ. ಬಿಸಿಗೆ ಕಾದು ಕಾದು ಅದರ ಗುಣ ಇಳಿಯುತ್ತದೆ. ಕೆಲವು ಕಂಪನಿಗಳು ‘ಲೈಫ್‌ಟೈಮ್’ ಆಯಿಲ್ ಅನ್ನುತ್ತವೆ. ಆದರೆ ಎಷ್ಟೋ ಕಾರುಗಳಿಗೆ ಗೇರ್‌ಬಾಕ್ಸ್ ತಯಾರಿಸುವ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಾಯಿಸಿ ಅನ್ನುತ್ತದೆ. ಭಾರ ಎಳೆಯುವ, ಘಟ್ಟ ಹತ್ತುವ, ಟ್ರಾಫಿಕ್‌ನಲ್ಲೇ ನಿಂತು ನಿಂತು ಹೋಗುವ ಕಾರಿಗೆ ಇನ್ನೂ ಬೇಗ ಬೇಕು.

ನಿರ್ಧಾರಕ್ಕೆ ಮೊದಲು ಒಂದು ಹನಿ ಆಯಿಲನ್ನು ಬಿಳಿ ಟಿಶ್ಯೂ ಪೇಪರ್ ಮೇಲೆ ಬಿಟ್ಟು ನೋಡಿ. ಹೊಸದು ಸಾಮಾನ್ಯವಾಗಿ ಕೆಂಪಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಹೆದರಬೇಡಿ, ವಯಸ್ಸಾಗಿದೆ ಅಷ್ಟೇ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಸುಟ್ಟಿರಬಹುದು. ಹಾಲು ಬೆರೆಸಿದ ಹಾಗೆ ಗುಲಾಬಿ ಬಣ್ಣ ಕಂಡರೆ ಒಳಗೆ ನೀರೋ ಕೂಲಂಟೋ ಸೇರಿದೆ. ಆಗ ಕಾರು ಓಡಿಸುವುದನ್ನೇ ನಿಲ್ಲಿಸಿ, ಮೊದಲು ರೇಡಿಯೇಟರ್ ಒಳಗಿನ ಆಯಿಲ್ ಕೂಲರ್ ಪರೀಕ್ಷೆ ಮಾಡಿಸಿ.

ಮೆಷಿನ್ ಹಚ್ಚಿ ಒತ್ತಡದಲ್ಲಿ ಫ್ಲಶ್ ಮಾಡುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ, ಅದರಲ್ಲೂ ಇಷ್ಟು ಹಳೆಯ ಗೇರ್‌ಬಾಕ್ಸ್‌ಗೆ. ಕೂತಿದ್ದ ಕೊಳೆ ಎದ್ದು ಆಯಿಲ್ ಒತ್ತಡವನ್ನು ಬೇಕಾದ ಕಡೆಗೆ ಹರಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಕೆಳಗಿನ ಪ್ಲಗ್ ಬಿಚ್ಚಿ ತಾನಾಗಿ ಇಳಿದಷ್ಟನ್ನು ಇಳಿಸಿ, ಅಷ್ಟೇ ಹೊಸದನ್ನು ತುಂಬುವುದು ನಿಧಾನ, ಆದರೆ ಸುರಕ್ಷಿತ. ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗಿನ ಆಯಿಲ್ ಹೀಗೆ ಇಳಿಯುವುದಿಲ್ಲ, ಹಾಗಾಗಿ ಒಂದೇ ಸಲಕ್ಕೆ ಪೂರ್ತಿ ಬದಲಾಗದು. ಒಟ್ಟು 8 ಲೀಟರ್‌ನಲ್ಲಿ 4 ಲೀಟರ್ ಇಳಿಯಿತು ಅಂದುಕೊಳ್ಳಿ. ಮೊದಲ ಸಲಕ್ಕೆ ಅರ್ಧ ಹೊಸದು, ಎರಡನೇ ಸಲಕ್ಕೆ ಮುಕ್ಕಾಲು, ಮೂರನೇ ಸಲಕ್ಕೆ ಶೇ. 87ರಷ್ಟು. ನಾನು ನಡುವೆ ಸುಮಾರು 1,000 ಕಿ.ಮೀ. ಓಡಿಸಿ ಮೂರು ಸಲ ಮಾಡಿಸಿದೆ.

ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ, ಅಂದರೆ ಪ್ಯಾನ್, ಬಿಚ್ಚಲು ಬರುವ ಕಾರಾದರೆ ಫಿಲ್ಟರ್, ಗ್ಯಾಸ್ಕೆಟ್ ಎರಡನ್ನೂ ಆಗಲೇ ಹಾಕಿಸಿ. ಒಳಗಿನ ಮ್ಯಾಗ್ನೆಟ್ಟನ್ನು ನೀವೇ ಕಣ್ಣಾರೆ ನೋಡಿ. ಬೂದು ಬಣ್ಣದ ನುಣ್ಣನೆಯ ಕೆಸರಿದ್ದರೆ ಅದು ಸಹಜ ಸವೆತ. ಕೈಗೆ ಚುಚ್ಚುವಂಥ ಲೋಹದ ಚೂರುಗಳಿದ್ದರೆ ಮತ್ತೆ ಮತ್ತೆ ಆಯಿಲ್‌ಗೆ ದುಡ್ಡು ಹಾಕಬೇಡಿ, ಗೇರ್‌ಬಾಕ್ಸ್ ಬಿಚ್ಚುವವರ ಹತ್ತಿರ ಹೋಗಿ.

ಕಾರಿನ ಕೈಪಿಡಿಯಲ್ಲಿ ಹೇಳಿದ ಆಯಿಲೇ ಬೇಕು. ಹಂತ ಹಂತದ ಗೇರ್ ಇಲ್ಲದೆ ಬೆಲ್ಟ್ ಮೇಲೆ ನಡೆಯುವ ಸಿವಿಟಿ ಗೇರ್‌ಬಾಕ್ಸ್‌ಗೆ ಮಾಮೂಲಿ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಹಾಕಿದರೆ ಕೆಟ್ಟೇ ಹೋಗುತ್ತದೆ. ಮಟ್ಟ ನೋಡುವ ಕ್ರಮವೂ ಕಾರಿನಿಂದ ಕಾರಿಗೆ ಬೇರೆ. ಹೆಚ್ಚಿನವುಗಳಲ್ಲಿ ಎಂಜಿನ್ ಓಡುತ್ತಿರಬೇಕು, ಕೆಲವದರಲ್ಲಿ ಆಫ್ ಆಗಿರಬೇಕು. ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಇಲ್ಲದ ಕಾರಿನಲ್ಲಿ ಆಯಿಲ್ ಇಂತಿಷ್ಟೇ ಬಿಸಿಯಲ್ಲಿರುವಾಗ ಪ್ಲಗ್ ತೆಗೆದು ನೋಡಬೇಕು. ಇಳಿದ ಆಯಿಲನ್ನು ಅಳತೆ ಪಾತ್ರೆಯಲ್ಲಿ ಹಿಡಿಯಲು ಮೆಕ್ಯಾನಿಕ್‌ಗೆ ಮೊದಲೇ ಹೇಳಿಡಿ. ನನ್ನ ಕಾರಿನಲ್ಲಿ ಮೊದಲ ಸಲ ಅರ್ಧ ಲೀಟರ್ ಕಡಿಮೆ ತುಂಬಿದ್ದು ಹಾಗೆ ಅಳೆದದ್ದರಿಂದಲೇ ಗೊತ್ತಾಯಿತು.