ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಮುಂಚೆ ಕೊಡುವ ಕೊಲಾಯ್ಡ್ ಇಂಜೆಕ್ಷನ್ ಎಂದರೇನು? ಶಾಲೆಯಲ್ಲಿ ಓದಿದ ಕಲಿಲವೇನಾ ಅದು?

ಆಪರೇಷನ್ ದಿನ ಬೆಳಿಗ್ಗೆ ನಿಮ್ಮ ಅಮ್ಮನಿಗೆ ಕೊಲಾಯ್ಡ್ ಇಂಜೆಕ್ಷನ್ ಕೊಡುತ್ತೇವೆ ಅಂದಿದ್ದಾರೆ. ಹಾಲು, ಮಂಜು ಅಂತ ಉದಾಹರಣೆ ಕೊಟ್ಟು ಶಾಲೆಯಲ್ಲಿ ಕಲಿಸಿದ ಕಲಿಲಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಿ. ಹೌದು, ಅದೇ ಕಲಿಲ. ನಾನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್. ಇಂಥ ಇಂಜೆಕ್ಷನ್ ತಯಾರಿಸುವುದೇ ನನ್ನ ಬೆಳಗಿನ ಕೆಲಸ.

ಹಾಲಿನಲ್ಲಿ ಕೊಬ್ಬು, ಪ್ರೋಟೀನಿನ ಕಣಗಳು ಹರಡಿಕೊಂಡಿರುತ್ತವೆ ಅಲ್ವಾ? ಇದರಲ್ಲಿ ಗಂಧಕದ ಕಣಗಳು ಹಾಗೆ ಇರುತ್ತವೆ. ಕೆಲವು ಕಡೆ ಗಂಧಕದ ಬದಲು ಆಲ್ಬುಮಿನ್ ಪ್ರೋಟೀನಿನ ಕಣ ಬಳಸುತ್ತಾರೆ. ಆ ಕಣಗಳಿಗೆ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ವಸ್ತು ಅಂಟಿಕೊಂಡಿರುತ್ತದೆ. ಗಂಧಕದ್ದಾದರೆ ತಯಾರಿ ಹೀಗೆ: ಥಯೋಸಲ್ಫೇಟ್ (ಗಂಧಕ ಇರುವ ಒಂದು ಲವಣ), ಆಸಿಡ್, ಟೆಕ್ನೀಷಿಯಂ ದ್ರಾವಣ ಮೂರನ್ನೂ ಒಂದು ಪುಟ್ಟ ಸೀಸೆಯಲ್ಲಿ ಸೇರಿಸಿ, ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಇಡುತ್ತೇವೆ. ಗಂಧಕ ಸಣ್ಣ ಸಣ್ಣ ಕಣವಾಗಿ ಬೇರೆಯಾಗುತ್ತದೆ. ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ಜೆಲಟಿನ್ ಅವುಗಳನ್ನು ಸುತ್ತಿಕೊಳ್ಳುತ್ತದೆ.

ಇಲ್ಲಿ ಎಲ್ಲವೂ ನಿಂತಿರುವುದು ಕಣದ ಗಾತ್ರದ ಮೇಲೆ. ಎದೆಯ ಭಾಗದ ದುಗ್ಧರಸ (ಲಿಂಫ್ ಎಂಬ ದ್ರವ) ಹೆಚ್ಚಾಗಿ ಕಂಕುಳಿನ ಗಂಟುಗಳಿಗೆ, ಅಂದರೆ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್), ಹರಿಯುತ್ತದೆ. ಕ್ಯಾನ್ಸರ್ ಹರಡಿದರೂ ಸಾಮಾನ್ಯವಾಗಿ ಅದೇ ದಾರಿಯಲ್ಲಿ ಮೊದಲ ಗಂಟಿಗೆ ಬರುತ್ತದೆ. ಆ ಗಂಟು ಯಾವುದು ಅಂತ ಗುರುತಿಸಲೆಂದೇ ಈ ಇಂಜೆಕ್ಷನ್; ಎದೆಗೆ ಚುಚ್ಚಿದ ಕಣಗಳು ಅಲ್ಲಿಗೆ ಹೋಗಿ ನಿಲ್ಲಬೇಕು. ಕಣ ತೀರಾ ದೊಡ್ಡದಾದರೆ ಚುಚ್ಚಿದ ಜಾಗದಲ್ಲೇ ಕೂತುಬಿಡುತ್ತದೆ. ತೀರಾ ಚಿಕ್ಕದಾದರೆ ರಕ್ತಕ್ಕೆ ಸೇರುತ್ತದೆ, ಇಲ್ಲವೇ ಗಂಟನ್ನು ದಾಟಿ ಮುಂದೆ ಹೋಗುತ್ತದೆ. ಅದಕ್ಕೇ ಗಂಧಕದ ಕೊಲಾಯ್ಡನ್ನು ಎಷ್ಟೋ ಕಡೆ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಕೊಡುತ್ತಾರೆ. ಆಪರೇಷನ್ ಹೊತ್ತಿಗೆ ಸರ್ಜನ್ ಕೈಯಲ್ಲಿ ವಿಕಿರಣ ಪತ್ತೆಹಚ್ಚುವ, ಪೆನ್ನಿನಂಥ ಪ್ರೋಬ್ ಇರುತ್ತದೆ. ಕಣ ಸೇರಿದ ಗಂಟಿನ ಹತ್ತಿರ ಹೋದರೆ ಅದರ ಸದ್ದು ಜೋರಾಗುತ್ತದೆ. ಆ ಒಂದೆರಡು ಗಂಟು ತೆಗೆದು ಪರೀಕ್ಷೆ ಮಾಡುತ್ತಾರೆ. ಅಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಕಂಕುಳಿನ ಉಳಿದ ಗಂಟುಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮೊದಲೆಲ್ಲ ಪೂರ್ತಿ ತೆಗೆದು, ಆಮೇಲೆ ಕೈ ಊದಿಕೊಂಡು ವರ್ಷಗಟ್ಟಲೆ ಒದ್ದಾಡಿದವರು ಎಷ್ಟೋ ಮಂದಿ. ನನಗೆ ಈ ಕೆಲಸ ಇಷ್ಟವಾಗುವುದು ಇದಕ್ಕೇ.

ಗಾತ್ರ ಕೈತಪ್ಪಿದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದು ಕೆಲಸ ಕಲಿಯುವಾಗ. ಇದೇ ಗಂಧಕದ ಕೊಲಾಯ್ಡನ್ನು ರಕ್ತನಾಳಕ್ಕೆ ಕೊಟ್ಟರೆ ಹೆಚ್ಚಿನ ಪಾಲನ್ನು ಲಿವರ್‌ನ ಕುಪ್ಫರ್ ಕೋಶಗಳು ನುಂಗುತ್ತವೆ, ಸ್ಕ್ಯಾನ್‌ನಲ್ಲಿ ಲಿವರ್ ಬೆಳಗುತ್ತದೆ. ಆ ದಿನ ಶ್ವಾಸಕೋಶವೂ ಬೆಳಗಿತ್ತು. ಲಿವರ್ ಕಾಯಿಲೆ ಇದ್ದರೂ ಒಮ್ಮೊಮ್ಮೆ ಹಾಗಾಗುವುದುಂಟು. ಆದರೆ ನಮ್ಮ ಸೀನಿಯರ್ ಮೇಡಂ ನೇರ ಜನರೇಟರ್ (ನಾವು ಟೆಕ್ನೀಷಿಯಂ ತೆಗೆಯುವ ಉಪಕರಣ) ಹತ್ತಿರ ಹೋದರು. ಟೆಕ್ನೀಷಿಯಂ ಬರುವುದು ಅದರೊಳಗಿನ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಕಂಬದಿಂದ. ಅದರಿಂದ ತೆಗೆದ ದ್ರಾವಣದ ಒಂದು ಹನಿಯನ್ನು ಅಲ್ಯೂಮಿನಿಯಂ ಪತ್ತೆಹಚ್ಚುವ ಟೆಸ್ಟ್ ಪೇಪರ್ ಮೇಲೆ ಬಿಟ್ಟರು. ಪೇಪರ್ ಕೆಂಪಗಾಯಿತು. ಅಲ್ಯೂಮಿನಿಯಂ ಜಾಸ್ತಿ ಸೋರಿತ್ತು. ಕಣಗಳು ಗುಂಪುಗೂಡಿ ದೊಡ್ಡದಾಗಿ, ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡಿದ್ದವು.

ಮಳೆಗಾಲದ ಕೆಂಪು ನೀರಿಗೆ ಪಟಿಕ ಹಾಕಿದರೆ ಮಣ್ಣು ತಳಕ್ಕೆ ಕೂರುತ್ತದಲ್ಲ, ಅದೂ ಅಲ್ಯೂಮಿನಿಯಂ ಮಾಡುವ ಕೆಲಸವೇ. ಮಣ್ಣಿನ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ, ಅದಕ್ಕೇ ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಅಲ್ಯೂಮಿನಿಯಂನ ಧನ ಅಯಾನು ಬಂದರೆ ಆ ತಳ್ಳಾಟ ನಿಲ್ಲುತ್ತದೆ. ನಾವು ದಿನಾ ಜನರೇಟರ್‌ನಿಂದ ತೆಗೆದ ಹನಿಯನ್ನು ಪರೀಕ್ಷಿಸಿದ ಮೇಲೇ ಮುಂದಿನ ಕೆಲಸ ಶುರುಮಾಡುತ್ತೇವೆ.

ವಿಕಿರಣದ ಭಯ ಇದ್ದರೆ: ಟೆಕ್ನೀಷಿಯಂ ಆರು ಗಂಟೆಗೊಮ್ಮೆ ಅರ್ಧವಾಗುತ್ತದೆ. ಒಂದು ದಿನ ಕಳೆದರೆ ಉಳಿಯುವುದು ಹದಿನಾರರಲ್ಲಿ ಒಂದು ಪಾಲು. 1930ರ ದಶಕದಿಂದ ಎಕ್ಸ್‌ರೇಗೆ ಬಳಸುತ್ತಿದ್ದ ಥೋರೋಟ್ರಾಸ್ಟ್ ಕೂಡ ಕೊಲಾಯ್ಡೇ, ಥೋರಿಯಂ ಎಂಬ ವಿಕಿರಣ ವಸ್ತುವಿನದ್ದು. ಅದು ಲಿವರ್‌ನಲ್ಲಿ ಜೀವನಪೂರ್ತಿ ಉಳಿಯಿತು, ದಶಕಗಳ ನಂತರ ಅನೇಕರಿಗೆ ಕ್ಯಾನ್ಸರ್ ತಂದಿತು. ನಿಮ್ಮ ಅಮ್ಮನಿಗೆ ಕೊಡುವುದು ಆ ಥರದ್ದಲ್ಲ.

ಚುಚ್ಚಿದಾಗ ಕೆಲವು ಕ್ಷಣ ಚುರುಚುರು ಉರಿಯುತ್ತದೆ, ಅಮ್ಮನಿಗೆ ಮೊದಲೇ ಹೇಳಿಡಿ. ಆಮೇಲೆ ಆ ಜಾಗವನ್ನು ಮೆತ್ತಗೆ ನೀವಿಕೊಳ್ಳಲು ಹೇಳಬಹುದು. ಅದು ಸುಮ್ನೆ ಹೇಳುವುದಲ್ಲ, ನೀವಿದರೆ ಕಣಗಳು ಕಂಕುಳಿನ ಕಡೆ ಬೇಗ ಹೊರಡುತ್ತವೆ.