ವಾದ್ಯ ವಿಚಾರ: ಬೇಸ್ ಗಿಟಾರ್ ಯಾವ ದೇಶದ್ದು ಎನ್ನುವುದು ಎಷ್ಟು ಮುಖ್ಯ?

ಪ್ರಶ್ನೆ: ಚರ್ಚಿನ ಗಾಯನ ತಂಡದಲ್ಲಿ ಬೇಸ್ ನುಡಿಸುತ್ತೇನೆ. ದುಬೈಯಲ್ಲಿರುವ ಅಣ್ಣ ರಜೆಗೆ ಬರುವಾಗ ಒಂದು ಗಿಟಾರ್ ತರುತ್ತಾನೆ. ಇಂಡೋನೇಷ್ಯಾದ ಹೊಸ ಸ್ಕ್ವಯರ್ (ಫೆಂಡರ್‌ನದೇ ಅಗ್ಗದ ಬ್ರ್ಯಾಂಡ್) ಕ್ಲಾಸಿಕ್ ವೈಬ್ ಜಾಝ್ ಬೇಸ್, ಅಥವಾ ಮೆಕ್ಸಿಕೋದ ಫೆಂಡರ್ ಪ್ಲೇಯರ್ ಜಾಝ್ ಬೇಸ್, ಒಬ್ಬರು ಬಳಸಿದ್ದು. ಎರಡರ ಬೆಲೆಯೂ ಹತ್ತಿರ ಹತ್ತಿರ. ಇಂಡೋನೇಷ್ಯಾದ್ದು ಬಾಳಿಕೆ ಬರುವುದಿಲ್ಲ ಎನ್ನುತ್ತಾರೆ. ನಿಜವೇ?
— ಓದುಗರು, ಉಪ್ಪಳ

ಉತ್ತರ: ನಿಜವಲ್ಲ. ದೇಶದ ಹೆಸರಿನಿಂದ ತಿಳಿಯುವುದು ಅಲ್ಲಿನ ಕೂಲಿಯ ಮಟ್ಟ ಮಾತ್ರ. ಗಿಟಾರಿನ ಗುಣವನ್ನು ನಿರ್ಧರಿಸುವುದು ಕಂಪನಿಯು ಆ ಮಾದರಿಗೆ ಇಟ್ಟ ಖರ್ಚಿನ ಮಿತಿ. ಯಮಾಹಾ ಹೊಸಬರಿಗಾಗಿ ಮಾಡುವ ಟಿಆರ್‌ಬಿಎಕ್ಸ್ 174 ತಯಾರಾಗುವುದು ಇಂಡೋನೇಷ್ಯಾದಲ್ಲಿ. ವೃತ್ತಿಪರರು ವೇದಿಕೆಗೆ ಒಯ್ಯುವ ಬಿಬಿ 734ಎ ಕೂಡ ಅಲ್ಲಿಯದೇ. ದೇಶ ಒಂದೇ, ವಾದ್ಯಗಳು ಬೇರೆ ಬೇರೆ ದರ್ಜೆಯವು.

ದೇಹವನ್ನೂ ನೆಕ್ಕನ್ನೂ (ತಂತಿ ಒತ್ತುವ ಉದ್ದನೆಯ ಕೈ) ಕೊರೆಯುವ ಕಂಪ್ಯೂಟರ್ ಯಂತ್ರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ನಿಖರತೆಯಲ್ಲಿ ಕೊರೆಯುತ್ತದೆ. ವ್ಯತ್ಯಾಸ ಬರುವುದು ಆಮೇಲಿನ ಕೆಲಸದಲ್ಲಿ. ಮರವನ್ನು ಎಷ್ಟು ಕಾಲ ಒಣಗಿಸಿದರು, ಫ್ರೆಟ್‌ಗಳನ್ನು (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳು) ಸಮಮಾಡಿ ಅಂಚು ಉಜ್ಜಲು ಎಷ್ಟು ಹೊತ್ತು ಕೊಟ್ಟರು, ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸೀಳುಗಳನ್ನು ಯಾರು ಕೊರೆದರು, ಬ್ರಿಜ್ಜಿನ (ದೇಹದ ಮೇಲೆ ತಂತಿಗಳನ್ನು ಹಿಡಿದಿಡುವ ಭಾಗ) ಲೋಹ ಎಷ್ಟು ದಪ್ಪ. ಕಡಿಮೆ ಬೆಲೆಯ ಮಾದರಿಯಲ್ಲಿ ಕಂಪನಿ ಉಳಿತಾಯ ಮಾಡುವುದು ಇಲ್ಲೇ. ಈ ಕೊರತೆಗಳಲ್ಲಿ ಹೆಚ್ಚಿನವನ್ನು ಒಳ್ಳೆಯ ರಿಪೇರಿಯವರು ಸರಿಮಾಡಬಲ್ಲರು. ಹಸಿಮರದ ನೆಕ್ ತಿರುಚಿಕೊಂಡರೆ ಮಾತ್ರ ಉಪಾಯ ಕಡಿಮೆ.

ದೇಶಗಳ ಹೆಸರು ಏರಿಳಿಯುವುದಕ್ಕೆ ಜಪಾನಿನಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. ಫೆಂಡರ್ ಜಪಾನ್ ಶುರುವಾದದ್ದು 1982ರಲ್ಲಿ. ಮಾತ್ಸುಮೊಟೊದ ಫುಜಿಗೆನ್ ಕಾರ್ಖಾನೆ ಅದಕ್ಕೆ ಗಿಟಾರ್ ತಯಾರಿಸಿಕೊಟ್ಟಿತು. ಅಂದು ಅಗ್ಗದ ಪರ್ಯಾಯವೆಂದು ಮಾರಾಟವಾದ 'ಜೆವಿ' ಸರಣಿಯ ಸ್ಕ್ವಯರ್‌ಗಳನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಜಪಾನಿನಲ್ಲಿ ಕೂಲಿ ಏರಿದಾಗ ಅಗ್ಗದ ಮಾದರಿಗಳ ಕೆಲಸ ಕೊರಿಯಾಕ್ಕೆ ಹೋಯಿತು, ಅಲ್ಲಿಂದ ಇಂಡೋನೇಷ್ಯಾ, ಚೀನಾಕ್ಕೆ. ಕುಶಲತೆ ಮುಂದೆ ಹೋಗಿರುತ್ತದೆ. ಜನರ ಅಭಿಪ್ರಾಯ ಹತ್ತಿಪ್ಪತ್ತು ವರ್ಷ ಹಿಂದೆಯೇ ಇರುತ್ತದೆ.

ಇನ್ನು ನಿಮ್ಮ ಆಯ್ಕೆ. ಫೆಂಡರ್‌ನ ಅಮೆರಿಕನ್ ಪ್ರೊಫೆಷನಲ್ ಬೇಸ್‌ಗಳ ನೆಕ್ಕಿನೊಳಗೆ ಗ್ರಾಫೈಟ್ ಸರಳುಗಳಿವೆ. ನಮ್ಮ ಕರಾವಳಿಯ ಹವೆಗೆ ಅದು ಹೆಚ್ಚು ಹಣ ಕೊಡಲು ತಕ್ಕ ಕಾರಣ. ನಿಮ್ಮ ಎರಡು ಆಯ್ಕೆಗಳಲ್ಲಿ ಆ ಸರಳುಗಳಿವೆಯೇ ಎಂದು ಮಾರುವವರನ್ನು ಕೇಳಿ ನೋಡಿ.  ಎರಡರ ಉದ್ದ ಒಂದೇ: ನಟ್‌ನಿಂದ ಬ್ರಿಜ್ಜಿಗೆ 34 ಇಂಚು.

ವ್ಯತ್ಯಾಸ ಕಾಣುವುದು ಮರುಮಾರಾಟದಲ್ಲಿ. ಅಲ್ಲಿ ದೇಶಕ್ಕಿಂತಲೂ ಹೆಡ್‌ಸ್ಟಾಕ್ (ನೆಕ್ಕಿನ ತುದಿಯ ತಲೆ) ಮೇಲಿನ ಹೆಸರು ದೊಡ್ಡದು. 'ಫೆಂಡರ್' ಎಂದಿದ್ದರೆ ಮಂಗಳೂರಿನಲ್ಲೂ ಕೊಚ್ಚಿಯಲ್ಲೂ ಬೇಗ ಗಿರಾಕಿ ಸಿಗುತ್ತಾರೆ. ಬಳಸಿದ ಗಿಟಾರಿನ ಮೊದಲ ಬೆಲೆಕುಸಿತವನ್ನು ಹಿಂದಿನವರು ಆಗಲೇ ಹೊತ್ತಿರುತ್ತಾರೆ. ಹಾಗಾಗಿ ಅಣ್ಣನಿಗೆ ಗಿಟಾರನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಲು ಸಾಧ್ಯವಿದ್ದರೆ ಪ್ಲೇಯರ್ ತರಿಸಿ. ಫೋಟೋ ನೋಡಿ ಕೊಳ್ಳುವುದಾದರೆ ಬಿಲ್ಲು ಸಮೇತ ಹೊಸ ಕ್ಲಾಸಿಕ್ ವೈಬ್ ಸಾಕು.

ವಿಮಾನಕ್ಕೆ ಗಟ್ಟಿ ಕೇಸ್ ಬೇಕೇ ಬೇಕು. ತಂತಿಗಳನ್ನು ಒಂದೆರಡು ಸ್ವರ ಇಳಿಸಿ. ಮನೆಗೆ ಬಂದ ಮೇಲೆ ಒಂದು ದಿನ ಕೇಸನ್ನು ತೆರೆಯದೆ ಇಡಿ, ಎರಡು ವಾರ ಕಳೆದ ಮೇಲೆ ಸೆಟಪ್ (ನೆಕ್ಕಿನ ಬಾಗು, ತಂತಿಯ ಎತ್ತರ ಸರಿಮಾಡುವುದು) ಮಾಡಿಸಿ. ಏಸಿಯ ಒಣಗಾಳಿಯಿಂದ ಬಂದ ಮರ ಇಲ್ಲಿನ ತೇವಕ್ಕೆ ಹೊಂದಿಕೊಳ್ಳುವ ಮೊದಲೇ ತಿದ್ದಿದರೆ ಇನ್ನೊಮ್ಮೆ ತಿದ್ದಬೇಕಾಗುತ್ತದೆ.

ಪ್ರಶ್ನೆ: ಒಬ್ಬರು 'ಅಮೆರಿಕನ್ ಫೆಂಡರ್' ಎಂದು ಹಳೆಯ ಬೇಸ್ ಮಾರುತ್ತಿದ್ದಾರೆ. ಬಿಲ್ಲು ಇಲ್ಲ. ಪತ್ತೆ ಹೇಗೆ?
— ಓದುಗರು, ಬದಿಯಡ್ಕ

ಉತ್ತರ: ಸೀರಿಯಲ್ ಸಂಖ್ಯೆಯಿಂದ ಆರಂಭಿಸಿ. 2010ರಿಂದೀಚೆಗೆ ಅಮೆರಿಕದ ಸಾಮಾನ್ಯ ಮಾದರಿಗಳಿಗೆ 'ಯುಎಸ್', ಮೆಕ್ಸಿಕೋದವಕ್ಕೆ 'ಎಂಎಕ್ಸ್' ಅಕ್ಷರಗಳಿದ್ದು, ನಂತರದ ಎರಡು ಅಂಕಿ ವರ್ಷವನ್ನು ತಿಳಿಸುತ್ತವೆ. 'ಐಸಿಎಸ್' ಎಂದಿದ್ದರೆ ಅದು ಇಂಡೋನೇಷ್ಯಾದ ಸ್ಕ್ವಯರ್.

ಸಂಖ್ಯೆಯೊಂದನ್ನೇ ನಂಬಬೇಡಿ, ಸ್ಟಿಕ್ಕರ್ ಅಂಟಿಸುವುದು ಸುಲಭ. ಹೆಡ್‌ಸ್ಟಾಕ್‌ನಲ್ಲಿ ಉಜ್ಜಿದ ಗುರುತಿದೆಯೇ ನೋಡಿ. ಮಾರುವವರು ಒಪ್ಪಿದರೆ ಗುಬ್ಬಿಗಳಿರುವ ಕಂಟ್ರೋಲ್ ಪ್ಲೇಟ್ ಬಿಚ್ಚಿಸಿ. ಅಮೆರಿಕದ್ದರಲ್ಲಿ ಸಾಮಾನ್ಯವಾಗಿ 24 ಮಿ.ಮೀ. ಅಗಲದ ದೊಡ್ಡ ಪಾಟ್‌ಗಳಿರುತ್ತವೆ (ಗುಬ್ಬಿಯ ಕೆಳಗಿದ್ದು ವಾಲ್ಯೂಮ್, ಟೋನ್ ಬದಲಿಸುವ ಭಾಗ). ಒಳಗೆ 16 ಮಿ.ಮೀ.ನ ಸಣ್ಣ ಪಾಟ್‌ಗಳು ಕಂಡರೆ ಭಾಗ ಬದಲಾಗಿದೆ, ಇಲ್ಲವೇ ಗಿಟಾರೇ ಬೇರೆ. ನೆಕ್ ಒಂದರದ್ದು, ದೇಹ ಇನ್ನೊಂದರದ್ದು ಜೋಡಿಸಿದ ಗಿಟಾರ್‌ಗಳೂ ಬರುತ್ತವೆ. ನುಡಿಸಲು ಅಡ್ಡಿಯಿಲ್ಲ, ಪೂರ್ತಿ ಅಮೆರಿಕನ್ ಬೆಲೆ ಮಾತ್ರ ಕೊಡಬಾರದು. ಬಿಲ್ಲೂ ಇಲ್ಲ, ಬಿಚ್ಚಿ ತೋರಿಸಲೂ ಒಪ್ಪುವುದಿಲ್ಲ ಎಂದಾದರೆ ಬಿಟ್ಟುಬಿಡಿ.

ಪ್ರಶ್ನೆ: ನನ್ನದು ಚೀನಾದ ಜಾಝ್ ಮಾದರಿಯ ಬೇಸ್. ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು. ಅಮೆರಿಕನ್ ಭಾಗಗಳನ್ನು ಹಾಕಿದರೆ ಸ್ವರ ಸುಧಾರಿಸುತ್ತದೆಯೇ?
— ಓದುಗರು, ಕುಂಬಳೆ

ಉತ್ತರ: ಮೊದಲು ಪಾಟ್‌ನೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಗುಬ್ಬಿಯನ್ನು ಮೂವತ್ತು ಸಲ ಆಚೀಚೆ ತಿರುಗಿಸಿ. ಉಪ್ಪುಗಾಳಿಗೆ ಕಿಲುಬು ಹಿಡಿದ ಪಾಟ್ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಬದಲಿಸಲೇಬೇಕೆಂದರೆ ಅಳತೆ ನೋಡಿಕೊಳ್ಳಿ, ಹಣ ವ್ಯರ್ಥವಾಗುವುದು ಇಲ್ಲಿಯೇ. ಅಮೆರಿಕನ್ ಪಾಟ್‌ಗೆ 3/8 ಇಂಚಿನ, ಅಂದರೆ 9.5 ಮಿ.ಮೀ. ತೂತು ಬೇಕು. ಏಷ್ಯಾದ ಗಿಟಾರ್‌ನಲ್ಲಿ ಅದು 7–8 ಮಿ.ಮೀ. ಮಾತ್ರ. ರೀಮರ್‌ನಿಂದ ನಿಧಾನವಾಗಿ ಅಗಲಿಸಿ. ಡ್ರಿಲ್ ಹಾಕಿದರೆ ಪ್ಲೇಟ್ ಬಾಗುತ್ತದೆ. ಹಳೆಯ ಗುಬ್ಬಿಗಳೂ ಹೊಸ ದಂಡಕ್ಕೆ ಕೂರದೆ ಹೋಗಬಹುದು, ಏಕೆಂದರೆ ಏಷ್ಯಾದ ದಂಡ 6 ಮಿ.ಮೀ., ಅಮೆರಿಕದ್ದು 6.35. ಪಾಟ್‌ನ ಮೌಲ್ಯ 250 ಕಿಲೋಓಮ್, ಟೋನ್ ಕೆಪಾಸಿಟರ್ 0.047 ಮೈಕ್ರೋಫ್ಯಾರಡ್. ಅದು ಯಾವ ದೇಶದ್ದಾದರೂ ಕಿವಿಗೆ ಭೇದ ತಿಳಿಯದು.

ಸ್ಕ್ರೂ ತಿರುಗಿಸುವ ಅಲೆನ್ ಕೀಲಿಗಳಲ್ಲೂ ಇದೇ ತೊಡಕು. ಏಷ್ಯಾದ ಗಿಟಾರಿಗೆ ಮಿಲಿಮೀಟರ್ ಕೀಲಿ, ಅಮೆರಿಕದ್ದಕ್ಕೆ ಇಂಚಿನ ಕೀಲಿ. 1/16 ಇಂಚಿನ ಸ್ಕ್ರೂಗೆ 1.5 ಮಿ.ಮೀ. ಕೀಲಿ ಹಾಕಿದರೆ ಜಾರಿ ಜಾರಿ ಮೂಲೆಗಳು ಸವೆಯುತ್ತವೆ, ಆಮೇಲೆ ಸ್ಕ್ರೂ ಹೊರಗೆ ಬರುವುದಿಲ್ಲ.

ಸ್ವರಕ್ಕಾಗಿಯೇ ಖರ್ಚು ಮಾಡುವುದಾದರೆ ಈ ಕ್ರಮದಲ್ಲಿ ಮಾಡಿ: ಹೊಸ ತಂತಿ, ಫ್ರೆಟ್ ಸಮಮಾಡಿಸುವುದು, ಕೊನೆಗೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ). ಇಷ್ಟೆಲ್ಲ ಹಾಕಿದ್ದೀರೆಂದು ಮಾರುವಾಗ ಯಾರೂ ಹೆಚ್ಚಿಗೆ ಕೊಡುವುದಿಲ್ಲ. ಹಳೆಯ ಭಾಗಗಳನ್ನು ಎತ್ತಿಡಿ, ಮಾರುವಾಗ ಅವನ್ನೇ ಹಾಕಿ ಮಾರಿ.

ಪ್ರಶ್ನೆ: ಪ್ರತಿ ಮಳೆಗಾಲದಲ್ಲೂ ಬೇಸ್‌ನ ತಂತಿ ಫ್ರೆಟ್‌ಗೆ ತಾಗಿ ಝರ್ ಎನ್ನುತ್ತದೆ. ದುಬಾರಿ ಜಪಾನಿ ಗಿಟಾರಿಗೆ ಹೀಗಾಗುವುದಿಲ್ಲವೇ?
— ಓದುಗರು, ಮಂಜೇಶ್ವರ

ಉತ್ತರ: ಆಗುತ್ತದೆ. ಮರ ತೇವ ಹೀರುತ್ತದೆ, ಯಾವ ದೇಶದಲ್ಲಿ ಕೊರೆದದ್ದಾದರೂ. ಐದು ತುಂಡು ಸೇರಿಸಿದ ನೆಕ್ ಅಥವಾ ಗ್ರಾಫೈಟ್ ಇರುವ ನೆಕ್ ಕಡಿಮೆ ಬಾಗುತ್ತದೆ. ಐದು ತುಂಡಿನ ನೆಕ್ ಬೇಕೆಂದರೆ ಜಪಾನಿಗೇ ಹೋಗಬೇಕಿಲ್ಲ. ಐಬನೀಝ್‌ನ ಇಂಡೋನೇಷ್ಯಾದ ಎಸ್‌ಆರ್ 500ರಲ್ಲೂ ಇದೆ.

ಅಳತೆ ಹೀಗೆ. ಗಿಟಾರನ್ನು ಶ್ರುತಿಮಾಡಿ, ನುಡಿಸುವ ಭಂಗಿಯಲ್ಲಿ ಹಿಡಿಯಿರಿ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ದೇಹಕ್ಕೆ ಸೇರುವಲ್ಲಿನ ಫ್ರೆಟ್‌ನಲ್ಲೂ ಒತ್ತಿ. ಏಳು-ಎಂಟನೆಯ ಫ್ರೆಟ್ ಬಳಿ ತಂತಿಗೂ ಫ್ರೆಟ್‌ಗೂ ನಡುವೆ 0.3 ಮಿ.ಮೀ. ಸಂದು ಇರಬೇಕು, ಒಂದು ವಿಸಿಟಿಂಗ್ ಕಾರ್ಡ್ ಹಿಡಿಯುವಷ್ಟು. ಸಂದು ಹೆಚ್ಚಿದ್ದರೆ ಟ್ರಸ್ ರಾಡನ್ನು (ನೆಕ್ಕಿನೊಳಗೆ ಬಾಗು ಸರಿಮಾಡುವ ಲೋಹದ ಸರಳು) ಗಡಿಯಾರದ ದಿಕ್ಕಿಗೆ, ಸಂದೇ ಇಲ್ಲದಿದ್ದರೆ ವಿರುದ್ಧ ದಿಕ್ಕಿಗೆ ತಿರುಗಿಸಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಬಿಗಿಮಾಡುವ ಮೊದಲು ತಂತಿಗಳನ್ನು ಸ್ವಲ್ಪ ಸಡಿಲಿಸಿ: 45–105 ಗೇಜಿನ (ತಂತಿಯ ದಪ್ಪ, ಇಂಚಿನ ಸಾವಿರದ ಒಂದಂಶದಲ್ಲಿ) ನಾಲ್ಕು ತಂತಿಗಳ ಎಳೆತ ಸೇರಿ ಸುಮಾರು 80 ಕಿಲೋ ಆಗುತ್ತದೆ, ಆ ಭಾರದ ಎದುರು ರಾಡಿನ ನಟ್ಟನ್ನು ಬಿಗಿದರೆ ಅದರ ತಿರುಪಿನ ಎಳೆ ಹರಿದುಹೋದೀತು. ಮತ್ತೆ ಶ್ರುತಿಮಾಡಿ, ಒಂದು ರಾತ್ರಿ ಬಿಟ್ಟು ಅಳೆಯಿರಿ. ಮಳೆಗೆ ನೆಕ್ ಯಾವ ಕಡೆಗೆ ಬಾಗುತ್ತದೆ ಎನ್ನುವುದು ಆಯಾ ಮರಕ್ಕೆ ಸೇರಿದ್ದು. ಕಳೆದ ವರ್ಷ ತಿರುಗಿಸಿದ ದಿಕ್ಕಿಗೇ ಅಳೆಯದೆ ತಿರುಗಿಸಬೇಡಿ.

ಇದಾದ ಮೇಲೆ ಹದಿನೇಳನೆಯ ಫ್ರೆಟ್‌ನಲ್ಲಿ ಎತ್ತರ ನೋಡಿ. ದಪ್ಪ ತಂತಿಗೆ 2.4 ಮಿ.ಮೀ., ತೆಳು ತಂತಿಗೆ 2 ಮಿ.ಮೀ. ಇದ್ದರೆ ಚೆನ್ನ. ಬ್ರಿಜ್ಜಿನ ಸಣ್ಣ ಸ್ಕ್ರೂಗಳಿಗೆ ಜೂನ್ ಮೊದಲು ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಬಿಡಿ. ನುಡಿಸಿದ ಮೇಲೆ ತಂತಿಯನ್ನು ಕೆಳಗಿನಿಂದಲೂ ಒರೆಸಿ, ಕೇಸಿನಲ್ಲಿ ಸಿಲಿಕಾ ಜೆಲ್ ಇಡಿ.

ಪ್ರಶ್ನೆ: ರಸಮಂಜರಿ ತಂಡಕ್ಕೆ ಐದು ತಂತಿಯ ಬೇಸ್ ಬೇಕು. ಅಗ್ಗದ್ದು ಸಾಕೇ?
— ಓದುಗರು, ಹೊಸಂಗಡಿ

ಉತ್ತರ: ಐದನೆಯ ತಂತಿಯನ್ನು ಆಂಪ್ಲಿಫೈಯರ್‌ನಲ್ಲಿ ಕೇಳಿಯೇ ಕೊಳ್ಳಿ. ಕೆಳಗಿನ 'ಬಿ' ತಂತಿಯನ್ನು ಎಲ್ಲೂ ಒತ್ತದೆ ಮೀಟಿ, ಆಮೇಲೆ ಐದನೆಯ ಫ್ರೆಟ್ ಒತ್ತಿ ಮೀಟಿ, ಪಕ್ಕದ 'ಇ' ತಂತಿಯೊಂದಿಗೆ ಹೋಲಿಸಿ. ಒಂದೇ ಸ್ವರ ಎರಡರಲ್ಲೂ ಅಷ್ಟೇ ಗಟ್ಟಿಯಾಗಿ ಬರಬೇಕು. 'ಬಿ' ಮಸುಕಾಗಿ, ಸಡಿಲವಾಗಿ ಕೇಳಿದರೆ 130 ಗೇಜಿನ ಹೊಸ ತಂತಿ ಹಾಕಿಸಿ ಇನ್ನೊಮ್ಮೆ ನೋಡಿ. ಆಗಲೂ ಹಾಗೆಯೇ ಇದ್ದರೆ ಅದೇ ಹಣಕ್ಕೆ ಒಳ್ಳೆಯ ನಾಲ್ಕು ತಂತಿಯದ್ದು ಕೊಳ್ಳಿ.